ಸಂಸ್ಥಾಪಕರ ಓಕ್ ಮರ ಬಿದ್ದಿಲ್ಲ

ಜಾರ್ಜಿಯಾದ ಬೀಚಮ್ ಪಟ್ಟಣದಲ್ಲಿರುವ ಸಂಸ್ಥಾಪಕರ ಓಕ್ ಮರವು ಅಕ್ಟೋಬರಿನ ಬಿರುಗಾಳಿಯಲ್ಲಿ ಬೀಳಲಿಲ್ಲ. ಅಲ್ಲಿನ ಕಾಲೇಜಿನ ಪ್ರಕಟಣೆಯ ಪ್ರಕಾರ ಅದು ಪೂರ್ವ ದಿಕ್ಕಿಗೆ ಮಲಗಿದೆ. ಮಲಗಿದ ಜಾಗದಲ್ಲಿ ಮಿಸ್ ವರ್ನೆಲ್ ಟಿಲ್‌ಮನ್ ಅವರ ಮನೆ ಇತ್ತೆಂಬುದನ್ನು ಪ್ರಕಟಣೆಯ ಕೊನೆಯಲ್ಲಿ ವಿಷಾದದೊಂದಿಗೆ ನಮೂದಿಸಲಾಗಿತ್ತು.

ಮಿಸ್ ವರ್ನೆಲ್ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಮದುವೆಯಾಗಿದ್ದರೂ ಹಿರಿಯ ಹೆಂಗಸರನ್ನು ಮಿಸ್ ಎನ್ನುವುದು ಆ ಕಡೆಯ ವಾಡಿಕೆ. ಚರ್ಚಿನಿಂದ ಬಂದು ನೋಡಿದರೆ, ಮುಂದಿನ ಗೋಡೆ ಒಡೆದು ಬಂದ ಟೊಂಗೆಯೊಂದು ಹಜಾರ ದಾಟಿ ಅಡುಗೆ ಒಲೆಯ ಮೇಲೆ ಒರಗಿತ್ತು. ಅವರು ಮೇಯರ್ ಡ್ಯೂಯಿ ಕಲ್‌ಪೆಪರ್ ಅವರಿಗೆ ಫೋನ್ ಮಾಡಿದರು. ಮೇಯರ್ ಚಿಕ್ಕಂದಿನಲ್ಲಿ ಅವರದೇ ಬಸ್ಸಿನಲ್ಲಿ ಶಾಲೆಗೆ ಹೋಗಿ ಬಂದವರು.

"ಡ್ಯೂಯಿ, ಗರಗಸ ಕೊಟ್ಟು ಯಾರನ್ನಾದ್ರೂ ಕಳ್ಸು."

"ಆಗಲ್ಲ ಮಿಸ್ ವರ್ನೆಲ್. ಅದು ಸಂರಕ್ಷಿತ ಸ್ಮಾರಕ. ಎಲೆ ಕಿತ್ರೂ ಕೇಸು."

"ನನ್ನ ಒಲೆ ಮೇಲೆ ಬಿದ್ದಿದೆ ಕಣೋ."

"ಮಲಗಿದೆ," ಎಂದು ಮೇಯರ್ ತಿದ್ದಿದರು.

ಹಳೆಯ ವಿದ್ಯಾರ್ಥಿಗಳ ಸಮಾವೇಶ ಹತ್ತಿರ ಬಂದಿತ್ತು. ಅವರೆಲ್ಲ ಫುಟ್‌ಬಾಲ್ ಪಂದ್ಯ ನೋಡಿ, ಈ ಮರದ ಕೆಳಗೆ ನಿಂತು ಕಣ್ಣೊರೆಸಿಕೊಂಡು, ಅದೇ ಭರದಲ್ಲಿ ಚೆಕ್ಕಿಗೆ ಸಹಿ ಹಾಕುವುದು ವಾಡಿಕೆ. ಆದ್ದರಿಂದ ಕಾಲೇಜಿನ ಪರಂಪರೆ ಮತ್ತು ದೇಣಿಗೆ ವಿಭಾಗದ ಮುಖ್ಯಸ್ಥ ಡಾಕ್ಟರ್ ಪ್ರೆಸ್ಕಾಟ್ ಗೇನ್ಸ್ ಕಾಲೇಜಿನದೇ ಸಸ್ಯಶಾಸ್ತ್ರಜ್ಞರೊಬ್ಬರನ್ನು ಕರೆತಂದು ಮರದ ಪರೀಕ್ಷೆ ಮಾಡಿಸಿದರು. ಸಸ್ಯಶಾಸ್ತ್ರಜ್ಞರು ಮರ ಸತ್ತಿದೆ ಎಂದರು. ಅವರಿಗೆ ದೀರ್ಘ ರಜೆ ಮಂಜೂರಾಯಿತು. ಪ್ರತಿ ಟೊಂಗೆಗೂ ಒಬ್ಬೊಬ್ಬ ದಾನಿಯ ಹೆಸರಿನ ಹಿತ್ತಾಳೆ ಫಲಕ ಹೊಡೆಯಲಾಯಿತು. ಒಲೆಯ ಮೇಲಿನ ಟೊಂಗೆ ಒಬ್ಬ ಹಲ್ಲಿನ ಡಾಕ್ಟರರ ಪಾಲಾಯಿತು.

ಉಳಿದದ್ದು ರಸ್ತೆಯ ಪ್ರಶ್ನೆ. ಕಾಂಡ ಅಡ್ಡಬಿದ್ದು ಕಾಲೇಜು ರಸ್ತೆ ಮುಚ್ಚಿಹೋಗಿತ್ತು. ಪಟ್ಟಣ ಸಭೆ ಸೇರಿ ಹಳೆಯ ನಿಯಮವನ್ನು ಓದಿಸಿತು: "ಕಾಲೇಜು ರಸ್ತೆಯು ಸದರಿ ಓಕ್ ಮರದ ಟೊಂಗೆಗಳ ಕೆಳಗೇ ಹಾದುಹೋಗತಕ್ಕದ್ದು." ಟೊಂಗೆಗಳು ಈಗ ಎಲ್ಲಿವೆ ಎಂಬ ಬಗ್ಗೆ ಭಿನ್ನಾಭಿಪ್ರಾಯವಿರಲಿಲ್ಲ.

ಮಿಸ್ ವರ್ನೆಲ್ ಎದ್ದು ನಿಂತರು. "ಅಂದ್ರೆ ನನ್ನ ಮನೆಯೊಳಗೆ ರಸ್ತೆನಾ?"

"ಹಾಗಲ್ಲ ಮೇಡಂ, ರಸ್ತೆಯೊಳಗೆ ನಿಮ್ಮ ಮನೆ," ಎಂದರು ಡಾಕ್ಟರ್ ಗೇನ್ಸ್. "ಆದ್ರೂ ತೆರವು ಮಾಡಿ ಅಂತ ನಾವು ಕೇಳ್ತಾ ಇಲ್ಲ."

ಈ ಔದಾರ್ಯಕ್ಕೆ ಸಭೆ ಚಪ್ಪಾಳೆ ತಟ್ಟಿತು.

"ಸವಾನಾದಲ್ಲಿ ನಿಮ್ಮ ತಂಗಿ ಇದಾರಲ್ಲ, ಅಲ್ಲಿಗೆ ಹೋಗಬಹುದಲ್ವಾ?" ಎಂದು ಮೇಯರ್ ಮೆಲ್ಲಗೆ ಕೇಳಿದರು.

"ಆ ಮನೆ ನನ್ನ ಗಂಡ ಕೈಯಾರೆ ಕಟ್ಟಿದ್ದು. ರಸ್ತೆ ಬೇಕಾದ್ರೆ ಸವಾನಾಗೆ ಹೋಗ್ಲಿ."

ಅಂದು ಸಂಜೆ ಅವರು ಒಡೆದ ಗೋಡೆಯ ಪಕ್ಕ ಕುರ್ಚಿ ಹಾಕಿಕೊಂಡು, ಗಂಡ ಮೊಳೆ ಹೊಡೆದು ಕೂಡಿಸಿದ ಹಲಗೆಗಳ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕೂತಿದ್ದರು. ನಾನು ಪಕ್ಕದ ಮನೆಯವನಾದ್ದರಿಂದ ಕಂಡೆ. ಸಭೆಯ ನಡವಳಿಯಲ್ಲಿ ಇದು ಸೇರಿಲ್ಲ.

ರಸ್ತೆಯ ಅಗಲಕ್ಕೆ ಬೇಕಾದಷ್ಟು ಗೋಡೆ ತೆಗೆದು, ಹಜಾರದಿಂದ ಮಲಗುವ ಕೋಣೆಯ ಮೂಲಕ ಹಿತ್ತಿಲವರೆಗೆ ಹಳದಿ ಗೆರೆ ಎಳೆಯಲಾಯಿತು. ವಿದ್ಯಾರ್ಥಿಗಳು ಸೈಕಲ್ ಮೇಲೆ ತರಗತಿಗೆ ಹೋಗುತ್ತ ಅವರಿಗೆ ಶುಭೋದಯ ಹೇಳತೊಡಗಿದರು. "ಸಾಲಾಗಿ ಹೋಗ್ರೋ, ಟೊಂಗೆ ಪಕ್ಕ ಬೇಯ್ತಿರೋ ಪಾತ್ರೆ ಇದೆ," ಎಂದು ಮಿಸ್ ವರ್ನೆಲ್ ಗದರಿಸುತ್ತಿದ್ದರು. ವಿದ್ಯಾರ್ಥಿಗಳು ಸಾಲಾಗಿ ಹೋಗುತ್ತಿದ್ದರು. ಇಡೀ ಪಟ್ಟಣದಲ್ಲಿ ಸಂಚಾರ ಶಿಸ್ತು ಇದ್ದದ್ದು ಅಲ್ಲೊಂದೇ ಕಡೆ.

ಡಿಸೆಂಬರಿನಲ್ಲಿ ಕಾಲೇಜಿನ ಪಾರ್ಕಿಂಗ್ ಪೇದೆ ಅವರ ಮಂಚಕ್ಕೆ ದಂಡದ ಚೀಟಿ ಅಂಟಿಸಿದ. ಮಿಸ್ ವರ್ನೆಲ್ ಕೋರ್ಟಿಗೆ ಹೋದರು.

"ಮಂಚಕ್ಕೆ ಗಾಲಿ ಇದೆಯಾ?" ಎಂದು ನ್ಯಾಯಾಧೀಶರು ಕೇಳಿದರು.

"ಇದೆ ಸಾರ್. ಕೆಳಗೆ ಗುಡಿಸಬೇಕಲ್ಲ."

"ಹಾಗಾದರೆ ಅದು ವಾಹನ." ಆದರೂ ನ್ಯಾಯಾಧೀಶರು ದಯಾಳು. ಆ ವಾಹನ ಅದೇ ಜಾಗದಲ್ಲಿ ನಿಲ್ಲಲು ಕಾಯಂ ಪರವಾನಗಿ ಕೊಡತಕ್ಕದ್ದೆಂದು ಆದೇಶಿಸಿದರು.

ಸುದ್ದಿ ತಿಳಿದು ಬೀಚಮ್ ಕಂಗೆಟ್ಟಿತು. ಮಿಸ್ ವರ್ನೆಲ್ ಗೋಡೆ ಕಳೆದುಕೊಂಡಾಗ ಸುಮ್ಮನಿದ್ದವರೆಲ್ಲ ಈಗ ಅನ್ಯಾಯದ ಬಗ್ಗೆ ಮಾತಾಡಿದರು. ಕಾಲೇಜು ರಸ್ತೆಯಲ್ಲಿ ಪಾರ್ಕಿಂಗ್ ಜಾಗ ಸಿಗದೆ ಜನ ನಿವೃತ್ತರಾಗಿದ್ದಾರೆ, ಕೆಲವರು ತೀರಿಕೊಂಡೂ ಇದ್ದಾರೆ.

ಮರುವಾರ ನೀತಿಶಾಸ್ತ್ರದ ಪ್ರೊಫೆಸರ್ ಆಂಬ್ರೋಸ್ ವಿಕ್ ಪೀಚ್ ಹಣ್ಣಿನ ಪೈ ಹಿಡಿದು ಬಂದರು. "ಮಿಸ್ ವರ್ನೆಲ್, ಹಗಲು ಹೊತ್ತು ನೀವು ಮಲಗಲ್ಲ, ಅಲ್ವಾ?"

ಮಿಸ್ ವರ್ನೆಲ್ ಪೈ ನೋಡಿದರು, ಪ್ರೊಫೆಸರರನ್ನೂ ನೋಡಿದರು. "ಬೆಳಗ್ಗೆ ಮಂಚ ಹಿತ್ತಿಲಿಗೆ ತಳ್ತೀನಿ. ನಾನು ರಾತ್ರಿ ಊಟ ಮುಗ್ಸೋ ಹೊತ್ತಿಗೆ ನೀವು ಖಾಲಿ ಮಾಡಿರಬೇಕು."

ಈಗ ವಾರದ ದಿನಗಳಲ್ಲಿ ಅವರ ಮಲಗುವ ಕೋಣೆಯಲ್ಲಿ ಪ್ರೊಫೆಸರರ ನೀಲಿ ಕಾರು ನಿಂತಿರುತ್ತದೆ. ಟೈರಿನಲ್ಲಿ ಕೆಸರಿದ್ದರೆ ಮಿಸ್ ವರ್ನೆಲ್ ಒಳಗೆ ಬಿಡುವುದಿಲ್ಲ.