ಮಾವನ ಮಣ್ಣಿಗೆ ಹೊರಟ ಜಪಾನಿ ಕಾರು

ಲುಬ್ವಾಮನ ಕಾರಿಗೆ ಜಪಾನಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟ ಗಾಡಿ, ಹಡಗು ಹತ್ತಿ ಉಗಾಂಡಾದ ಕಂಪಾಲಕ್ಕೆ ಬಂದಿತ್ತು. ಸ್ಟಿಯರಿಂಗಿನ ಹಿಂದೆ ಮುಳ್ಳಿನ ಮೀಟರುಗಳಿಲ್ಲ. ಟೀವಿಯಂಥ ಪರದೆ, ಅದರ ಮೇಲೆ ಗುಬ್ಬಚ್ಚಿ ಗೂಡು ಕೆದರಿದಂಥ ಅಕ್ಷರ. ಕೀ ತೂರಿಸಿ ತಿರುಗಿಸುವ ಕೆಲಸವೂ ಇಲ್ಲ. ಅದು ಜೇಬಿನಲ್ಲಿದ್ದರಾಯಿತು, ಗುಂಡಿ ಒತ್ತಿದರೆ ಎಂಜಿನ್ ಚಾಲೂ.

ಅಂದು ಮಾವ ಸ್ಸೆಬೋವಾ ಅವರ ಮಣ್ಣು. ಹೆಂಡತಿ ನಕಿಬೂಲೆ ಮುಂಚೆಯೇ ಊರಿಗೆ ಹೋಗಿ ತಾಯಿಯ ಪಕ್ಕ ಅಳುತ್ತ ಕೂತಿದ್ದಳು. ಆಸ್ಪತ್ರೆಯಿಂದ ಹೆಣ ಬಿಡಿಸಿ, ಪೆಟ್ಟಿಗೆಯನ್ನು ಬಾಡಿಗೆ ಪಿಕಪ್ಪಿನಲ್ಲಿ ಕಳಿಸುವುದು ಅಳಿಯನ ಪಾಲಿಗೆ ಬಂದಿತ್ತು. ಜತೆಗೆ ನೆರೆಮನೆಯ ಇಬ್ಬರು: ನಿವೃತ್ತ ಮೇಷ್ಟ್ರು ಕ್ಯೆಯೂನೆ, ಮತ್ತು ಅವಳಿ ಮಕ್ಕಳನ್ನು ಹೆತ್ತು ಇಡೀ ಬೀದಿಗೆ 'ನಾಲೊಂಗೊ' ಆಗಿದ್ದ ದಪ್ಪನೆಯ ಹೆಂಗಸು. ಮೇಷ್ಟ್ರಿಗೆ ಸೆಕೆಯಾಗದಿರಲಿ ಎಂದು ಎಂಜಿನ್ ಆರಿಸದೆ, ಏಸಿ ಹಾಕಿಟ್ಟು, ಲುಬ್ವಾಮ ನಾಲೊಂಗೊ ಜತೆ ಶವಾಗಾರದೊಳಗೆ ಹೋದ.

ಹೆಣ ನೋಡುವುದೆಂದರೆ ಅವನಿಗೆ ಆಗದು. ಮುಖ ಅತ್ತ ತಿರುಗಿಸಿಕೊಂಡೇ ಪೆಟ್ಟಿಗೆಗೆ ಬಗ್ಗಿ, ಆ ಕಡೆ ಹೆಣಕ್ಕೆ ಹೊದಿಸುವ, ಮರದ ತೊಗಟೆ ಬಡಿದು ಮಾಡಿದ ಬಟ್ಟೆಯನ್ನು ಹೊದಿಸಿ, ಅಂಚು ಸಿಕ್ಕಿಸಿ ಈಚೆ ಬಂದ. ಮುಚ್ಚಳ ಬಿತ್ತು. ಪಿಕಪ್ ಹೊರಟಿತು.

ಅದು ಗೇಟು ದಾಟಿದ್ದೇ ತಡ, ಇವರ ಕಾರು ಕೀಂ ಕೀಂ ಎಂದು ಅರಚಿತು. ಪರದೆ ಕೆಂಪಾಯಿತು. ಒಳಗಿಂದ ಒಂದು ಹೆಣ್ಣುದನಿ, ಸಾವಿನ ಮನೆಗೆ ಬಂದವರ ಹಾಗೆ ಮೆತ್ತಗೆ ಏನೋ ಹೇಳಿತು.

"ಏನಂತೆ ಅವಳಿಗೆ?" ಎಂದಳು ನಾಲೊಂಗೊ.

"ಪೆಟ್ರೋಲ್ ಕೇಳ್ತಿದಾಳೆ," ಎಂದರು ಮೇಷ್ಟ್ರು. ಭಾಷೆ ಬರದಿದ್ದರೂ ಅರ್ಥ ಹೇಳದೆ ಬಿಡುವವರಲ್ಲ.

"ಬೆಳಿಗ್ಗೆ ತಾನೆ ತುಂಬಿಸಿದೀನಿ ಮೇಷ್ಟ್ರೇ."

"ಹಾಗಾದ್ರೆ ಬಾಗಿಲು."

ಎಲ್ಲ ಬಾಗಿಲುಗಳನ್ನೂ ತೆಗೆದು ಬಡಿದದ್ದಾಯಿತು. ದನಿ ಅದನ್ನೇ ಹೇಳಿತು.

"ನನ್ನ ತೂಕದ ಬಗ್ಗೆ ಏನಾದ್ರೂ ಅಂತಿದಾಳಾ?" ನಾಲೊಂಗೊ ಮುಖ ಕೆಂಡವಾಯಿತು. ಅವಳನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಕೂರಿಸಿ ನೋಡಿದರು. ಕೊನೆಗೆ ಹಾಗೇ ಪಿಕಪ್ಪಿನ ಹಿಂದೆ ಹೊರಟರು. ಕಾರು ಓಡುತ್ತಲೇ ಇತ್ತು, ಅರಚುತ್ತಲೇ ಇತ್ತು. ಪಿಕಪ್ ಕಣ್ಮರೆಯಾಯಿತು.

ಜೊಂಡುಹುಲ್ಲು ಬೆಳೆದ ಜೌಗಿನ ನಡುವೆ ಹಾದುಹೋಗುವ ದಾರಿಯಲ್ಲಿ ಮೇಷ್ಟ್ರ ತಾಳ್ಮೆ ಮುಗಿಯಿತು. "ಫೋನ್ ಹಟ ಹಿಡಿದ್ರೆ ಏನ್ಮಾಡ್ತೀಯಪ್ಪ? ಆರಿಸಿ ಹಚ್ಚಲ್ವಾ? ಹಾಗೇ ಮಾಡು!"

ಲುಬ್ವಾಮ ಆರಿಸಿದ. ಅರಚಾಟ ನಿಂತಿತು. "ನೋಡಿದ್ಯಾ!" ಎಂದರು ಮೇಷ್ಟ್ರು.

ಮತ್ತೆ ಗುಂಡಿ ಒತ್ತಿದ. ಎಂಜಿನ್ ಕೆಮ್ಮಲೂ ಇಲ್ಲ. ಪರದೆಯ ಮೇಲೆ ಒಂದು ಕೀಯ ಚಿತ್ರ ಮೂಡಿತು, ಅದರ ಮೇಲೊಂದು ಅಡ್ಡಗೆರೆ. ಆ ಕಾರು ಆಡಿದ ಮಾತಿನಲ್ಲಿ ಅವನಿಗೆ ಅರ್ಥವಾದದ್ದು ಅದೊಂದೇ. ಅಂಗಿಯ ಜೇಬು ಮುಟ್ಟಿಕೊಂಡ. ಖಾಲಿ.

"ಅಯ್ಯೋ, ಅದು ಕೀನಾ?" ಎಂದಳು ನಾಲೊಂಗೊ. "ನೀನು ಪೆಟ್ಟಿಗೆಗೆ ಬಗ್ಗಿದಾಗ ಟಪ್ ಅಂತ ಬಿತ್ತು. ಮಾವನಿಗೆ ಏನೋ ಪ್ರೀತಿಯಿಂದ ಕೊಟ್ಟೆ ಅಂದ್ಕೊಂಡೆ."

ಒಂದೇ ಬಾಡಿಗೆ ಬೈಕಿನಲ್ಲಿ ಮೂವರೂ ಹೊರಟರು. ನಡುವೆ ಸಿಕ್ಕಿದ ಲುಬ್ವಾಮನಿಗೆ ನಾಲೊಂಗೊ ಭಾರದಲ್ಲಿ ಉಸಿರೇ ನಿಂತಂತಾಗಿತ್ತು. ಅವರು ತಲುಪುವ ಹೊತ್ತಿಗೆ ಪಾದ್ರಿಯ ಪ್ರಾರ್ಥನೆ ಮುಗಿದು, ಪೆಟ್ಟಿಗೆಯಡಿ ಹಗ್ಗ ಹಾಕಿ ಇಳಿಸುತ್ತಿದ್ದರು.

"ನಿಲ್ಲಿಸಿ!" ಎಂದು ಓಡಿಹೋಗಿ ಪೆಟ್ಟಿಗೆಯನ್ನು ಅಪ್ಪಿಕೊಂಡ.

"ಪಾಪ, ಮಾವನ ಮೇಲೆ ಎಷ್ಟು ಪ್ರಾಣ," ಎಂದು ಹೆಂಗಸರು ಕಣ್ಣೊರೆಸಿಕೊಂಡರು. ನಾಲ್ಕು ಜನ ಅವನ ಸೊಂಟ ಹಿಡಿದು ಎಳೆದರು.

"ಕೀ! ನನ್ನ ಕಾರಿನ ಕೀ!"

ಅಳು ತಟ್ಟನೆ ನಿಂತಿತು. ನಕಿಬೂಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕುಲದ ಹಿರಿಯರು ಸಿಕ್ಕಾಪಟ್ಟೆ ಬೈದು, ಕೊನೆಗೆ, ಹೂತ ಮೇಲೆ ಅಗೆಯುವುದಕ್ಕಿಂತ ಇದೇ ವಾಸಿ ಎಂದು ಮುಚ್ಚಳ ತೆಗೆಸಿದರು. ಲುಬ್ವಾಮ ಬಟ್ಟೆಯ ಮಡಿಕೆಗೆ ಕೈಹಾಕಿ ಜಗ್ಗಿದ.

"ಸಿಕ್ತು!" ಎಂದು ಕೀಯನ್ನು ಮೇಲಕ್ಕೆತ್ತಿ ಹಿಡಿದ.

ಕೀಯನ್ನು ಯಾರೂ ನೋಡಲಿಲ್ಲ. ಜಗ್ಗಿದ ರಭಸಕ್ಕೆ ಮುಖದ ಮೇಲಿನ ಬಿಳಿ ಬಟ್ಟೆ ಸರಿದಿತ್ತು. ಒಳಗಿದ್ದವರಿಗೆ ಎದೆಯವರೆಗೂ ಪೊದೆಯಂಥ ಗಡ್ಡ. ಸ್ಸೆಬೋವಾ ಜನ್ಮದಲ್ಲಿ ಗಡ್ಡ ಬಿಟ್ಟವರಲ್ಲ.

"ಇವರ್ಯಾರು?" ಎಂದಳು ನಕಿಬೂಲೆ, ಮೆಲ್ಲಗೆ.

ಮೇಷ್ಟ್ರು ಆಸ್ಪತ್ರೆಗೆ ಫೋನು ಹಚ್ಚಿದರು. ಆಚೆಯವನ ದನಿ ಎಲ್ಲರಿಗೂ ಕೇಳಿಸಿತು. ಗಡ್ಡದವರ ಮನೆಯವರು ಮುಂಜಾನೆಯೇ ಇನ್ನೊಂದು ಪೆಟ್ಟಿಗೆ ತಗೊಂಡು ಅರುವಾಕ್ಕೆ ಹೋದರಂತೆ. ಅರುವಾ ಎಂದರೆ ದೇಶದ ಇನ್ನೊಂದು ತುದಿ. "ನಮ್ಮನ್ಯಾಕೆ ಕೇಳ್ತೀರಿ ಸ್ವಾಮಿ? ನಿಮ್ಮ ಕಡೆಯವರೇ ಮುಖ ನೋಡಿ, ಹೌದು ಇವರೇ ಅಂದ್ರಲ್ಲ!"

"ನೀವು ಮುಖ ನೋಡಿದ್ರಾ?" ನಕಿಬೂಲೆ ಗಂಡನನ್ನು ಕೇಳಿದಳು.

"ಮುಖ ಅಂದ್ರೆ... ಆ ಕಡೆ ನೋಡ್ದೆ."

ಪಿಕಪ್ಪಿನವನು ಆಗಲೇ ಇನ್ನೊಂದು ಸಾವಿಗೆ ಹೊರಟುಹೋಗಿದ್ದ. ಆಗ ಅತ್ತೆ ಎದ್ದುನಿಂತರು. ಅಲ್ಲಿಯ ಕಟ್ಟಳೆಯಂತೆ ಅತ್ತೆ ಅಳಿಯನ ಎದುರು ಬರುವಂತಿಲ್ಲ. ಅಷ್ಟು ವರ್ಷದ ಸಂಬಂಧದಲ್ಲಿ ಅವರು ಅವನ ಕಣ್ಣಲ್ಲಿ ಕಣ್ಣಿಟ್ಟದ್ದು ಅದೇ ಮೊದಲು.

"ಅಳಿಯಂದ್ರೇ, ಇವರನ್ನ ಇವರ ಮನೆಗೆ ಮುಟ್ಟಿಸಿ. ನಮ್ಮೋರನ್ನ ಕರ್ಕೊಂಡು ಬನ್ನಿ. ಅಲ್ಲೀತನಕ ಈ ಗುಂಡಿ ಹೀಗೇ ಇರುತ್ತೆ."

ಗಾಡಿ ಕೆಟ್ಟಿದೆ ಎನ್ನೋಣವೆಂದು ಲುಬ್ವಾಮ ಬಾಯಿ ತೆರೆದ. ಎತ್ತಿದ ಕೈಯನ್ನು ಅವನಿನ್ನೂ ಇಳಿಸಿರಲಿಲ್ಲ. ಅದರಲ್ಲಿದ್ದ ಕೀ ಊರಿಗೆಲ್ಲ ಕಾಣುತ್ತಿತ್ತು.