ಬಲ್ಬು ಹೊಲಿಯುವ ಮಾವ

ನಮ್ಮ ಸೋದರಮಾವ ಹೊಲಿದ ಅಂಗಿಯನ್ನು ತೊಡುವ ಮುನ್ನ ಟೆಸ್ಟರ್ ಹಚ್ಚಿ ನೋಡಬೇಕು ಎಂದರೆ ನೀವು ನಂಬುತ್ತೀರಾ? ಕೊಟ್ಟೂರಿನವರು ನಂಬುತ್ತಾರೆ!

ಮಾವ ಟೇಲರ್. ಅತ್ತೆಗೆ ಹುಟ್ಟಿನಿಂದ ಮಾತು ಬಾರದು. ತೊಂಬತ್ತರ ದಶಕದಲ್ಲೊಮ್ಮೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಮನೆಯ ಮುಂದಿನ ಕೋಣೆಯ ಅಂಗಡಿಯಲ್ಲಿ ಹೊಲಿಯುತ್ತಿದ್ದ ಮಾವನಿಗೆ ಅದು ಗೊತ್ತಾದದ್ದು ಹೊಟ್ಟೆ ಹಸಿದ ಮೇಲೆ. ಅವತ್ತೇ ಹಟ ತೊಟ್ಟರು: ಆಕೆ ತೋಳಿನ ಗುಂಡಿ ಒತ್ತಿದರೆ ತನ್ನ ಅಂಗಿಯ ಮೇಲೆ ಬಲ್ಬು ಹತ್ತಬೇಕು!

ಕಾಲಿಂಗ್ ಬೆಲ್ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ನಮ್ಮ ಕಡೆ ಬೆಲ್ಲಿಗೆ ಕರೆಂಟು ಎಲ್ಲಿಂದ ತರುವುದು? ಅಲ್ಲದೆ ಹೊಸ ಸಾಮಾನು ಕೊಳ್ಳುವುದೆಂದರೆ ಮಾವನಿಗೆ ಮೈ ಉರಿಯುತ್ತಿತ್ತು. ಸುಟ್ಟ ಪಂಪ್‌ಸೆಟ್ಟಿನ ತಾಮ್ರದ ತಂತಿಯನ್ನೇ ನೂಲಿನ ಬದಲು ಬಾಬಿನ್ನಿಗೆ ಸುತ್ತಿ ಹೊಲಿದರು. ಸತ್ತ ಬ್ಯಾಟರಿ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಸಂಡಿಗೆಯ ಜೊತೆ ಒಣಗಿಸಿದರು. ಅತ್ತೆ ಎರಡನ್ನೂ ಶ್ರದ್ಧೆಯಿಂದ ಮಗುಚಿ ಹಾಕುತ್ತಿದ್ದರು.

ಪ್ರಯೋಗದ ಒಂದು ಬಲ್ಬು ತೆಲಿಗಿ ಕಡೆಯ ಮೇಷ್ಟ್ರೊಬ್ಬರ ಅಂಗಿಯಲ್ಲಿ ಉಳಿದುಬಿಟ್ಟಿತು. ಬೆತ್ತ ಎತ್ತಿದೊಡನೆ ಜೇಬು ಬೆಳಗುವುದು, ಇಡೀ ತರಗತಿ ತಲೆ ತಗ್ಗಿಸುವುದು! ಮೇಷ್ಟ್ರು ಜಗಳಕ್ಕೆ ಬಂದರು. ಮಾವ ಅಂಗಿ ತಿರುವಿ ನೋಡಿ ಹೇಳಿದರು: "ಹುಡುಗರನ್ನ ಬಡಿಯಾಕ ಕೈ ಎತ್ತಬ್ಯಾಡ್ರಿ ಸಾರ್, ಬಲ್ಬು ಹತ್ತಂಗಿಲ್ಲ."

ಕೊನೆಗೂ ಯಂತ್ರ ಸಿದ್ಧವಾಯಿತು. ಅತ್ತೆಯ ಕುಪ್ಪಸದಿಂದ ಮಾವನ ಅಂಗಿಯವರೆಗೆ ಹತ್ತು ಮಾರು ತಂತಿ. ಎರಡೂ ತುದಿಗೆ ಟಿಚ್ ಬಟನ್. ಒಂದು ದಿನ ಅದನ್ನು ಬಿಚ್ಚುವುದು ಮರೆತು ಮಾವ ಹರಪನಹಳ್ಳಿ ಬಸ್ಸಿಗೆ ಹೊರಟರು. ಅಡಿಗೆಮನೆಯ ಡಬ್ಬಗಳನ್ನೆಲ್ಲ ಬೀಳಿಸುತ್ತ, ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಅತ್ತೆಯೂ ಹೊರಟರು! ಓಣಿಯವರು ಗಂಡಹೆಂಡಿರ ಅನ್ಯೋನ್ಯತೆಯನ್ನು ಇವತ್ತಿಗೂ ಹೊಗಳುತ್ತಾರೆ.

ಅದೇ ವರ್ಷ ಬೇಸಿಗೆಯಲ್ಲಿ ನಾನು ಅಂಗಡಿಯಲ್ಲಿ ಕೂತಿದ್ದೆ. ಮಾವನ ಎದೆಯ ಮೇಲೆ ಬಲ್ಬು ಹತ್ತಿತು. ಅಳತೆ ಕೊಡಲು ಬಂದಿದ್ದ ಗಿರಾಕಿಯನ್ನು ಎರಡೂ ಕೈ ಎತ್ತಿಸಿ ನಿಲ್ಲಿಸಿದ್ದವರು, ಅವನನ್ನು ಹಾಗೇ ಬಿಟ್ಟು ಒಳಗೆ ಓಡಿದರು. ಅತ್ತೆ ಮತ್ತೆ ಬಿದ್ದರೇನೋ ಎಂದು ನಾನೂ ಎದ್ದು ನಿಂತೆ.

ಮಾವ ಮೆಲ್ಲಗೆ ತಿರುಗಿ ಬಂದರು. ಏನಾಯಿತೆಂದು ಕೇಳಿದೆ.

"ಏನೂ ಇಲ್ಲ. ಸುಮ್ಮನ ಕರದಾಳ."

ಮಿಷನ್ನಿನ ಮುಂದೆ ಕೂತರು, ತುಳಿಯಲಿಲ್ಲ. "ಲಗ್ನಾಗಿ ಮೂವತ್ತು ವರ್ಷಾತು ನೋಡು. ಒಂದು ಸಲನೂ ಅಕಿ ನನ್ನ ಸುಮ್ಮನ ಕರದಿದ್ದಿಲ್ಲ."

ಅಷ್ಟರಲ್ಲಿ ಬಲ್ಬು ಮತ್ತೆ ಹತ್ತಿತು.