ಸಾಫ್ಟನರೂ ನನ್ನ ತಲೆಯೂ

ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ನೀರಿಗೂ ನನ್ನ ತಲೆಯಲ್ಲಿ ಉಳಿದಿರುವ ಕೂದಲಿಗೂ ಬದ್ಧವೈರ. ಆ ಗಡಸು ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲ, ಬಕೆಟ್ಟಿಗೆ ಬಿಳಿ ಕಲೆ ಕಟ್ಟುತ್ತದೆ, ತಲೆಗೆ ಸುರಿದರೆ ಕೂದಲು ಕೈಗೇ ಬರುತ್ತದೆ. (ವಯಸ್ಸಾದ್ದರಿಂದ ಎನ್ನುತ್ತಾಳೆ ನನ್ನ ಧರ್ಮಪತ್ನಿ ರಾಜೀವಿ. ಅವಳಿಗೆ ವಿಜ್ಞಾನ ತಿಳಿಯದು.) ಹೀಗಾಗಿ ಕೇಶಸಂರಕ್ಷಣಾರ್ಥವಾಗಿ ಮೇ ತಿಂಗಳಲ್ಲಿ ನೀರಿನ ಗಡಸು ತೆಗೆಯುವ ವಾಟರ್ ಸಾಫ್ಟನರ್ ಹಾಕಿಸಿದೆ.

ಬಾಲ್ಕನಿಯಲ್ಲಿ ಉದ್ದನೆಯ ಯಂತ್ರ, ಪಕ್ಕದಲ್ಲಿ ಮುಚ್ಚಳವಿರುವ ಬಿಳಿ ಡ್ರಮ್ಮು. ಡ್ರಮ್ಮಿನಲ್ಲಿ ಉಪ್ಪುನೀರು. ಯಂತ್ರ ಅದನ್ನು ಹೀರಿಕೊಂಡು ತನ್ನ ಹೊಟ್ಟೆ ತೊಳೆದುಕೊಳ್ಳುತ್ತದಂತೆ.

"ಉಪ್ಪು ಮುಗಿಯದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ," ಎಂದೆ ರಾಜೀವಿಗೆ.

"ನನ್ನ ಉಪ್ಪಿನಕಾಯಿ ಭರಣಿ ಇನ್ನು ಎಲ್ಲಿಡುವುದು ಮಾರಾಯ್ರೆ?"

"ಭರಣಿ ಮುಖ್ಯವೋ ನನ್ನ ತಲೆಯೋ?"

ಅವಳು ನನ್ನ ತಲೆಯನ್ನೊಮ್ಮೆ ನೋಡಿ ಒಳಗೆ ಹೋದಳು.

ಮೊದಲ ತಿಂಗಳು ಸ್ವರ್ಗ. ಸೋಪು ಮುಟ್ಟಿದರೆ ಸಾಕು, ನೊರೆಯೋ ನೊರೆ. ಮಳೆ ಹಿಡಿದ ಮೇಲೆ ಮನೆಯಲ್ಲಿ ಇನ್ನೊಂದು ಸುಖವೂ ಶುರುವಾಯಿತು: ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ಆದರೆ ಅಷ್ಟರಲ್ಲಿ ನೊರೆ ನಿಂತಿತ್ತು, ಕೂದಲು ಮತ್ತೆ ಕೈಗೆ ಬರತೊಡಗಿತ್ತು. ಸಿಟ್ಟಿನಿಂದ ಹೋಗಿ ಡ್ರಮ್ಮಿನ ಮುಚ್ಚಳ ತೆಗೆದೆ.

ಒಳಗೆ ತುಂಬ ಹಲಸಿನ ಸೊಳೆ. ಅದರಲ್ಲೊಂದು ಉಪ್ಪುನೀರು ಹೀರುವ ನಳಿಗೆಯ ಬಾಯಿಗೆ ಅಡ್ಡ ಕೂತಿತ್ತು.

"ರಾಜೀವೀ, ಎಂಥದಿದು?"

"ಉಪ್ಪುನೀರು ಉಂಟು, ಮುಚ್ಚಳ ಉಂಟು. ಚೊಕ್ಕ ತೊಳೆದೇ ಹಾಕಿದ್ದೇನೆ. ನನ್ನ ಭರಣಿಗೆ ನೀವು ಜಾಗ ಬಿಟ್ಟಿದ್ದೀರಾ?"

"ಇದು ನನ್ನ ಕೂದಲಿಗೆ ತಂದ ಯಂತ್ರ ಮಾರಾಯ್ತಿ."

"ಹೌದಾ? ಮೊನ್ನೆ ಮೂರು ಸಲ ಪಲ್ಯ ಬಡಿಸಿಕೊಂಡದ್ದು ಯಾರು? ಊರಿನ ರುಚಿ ಬಂತು ಅಂದದ್ದು ಯಾರು?"

ನಾನು ಡ್ರಮ್ಮಿನ ಮುಚ್ಚಳ ಮತ್ತೆ ಮುಚ್ಚಿದೆ.

"ಕೂದಲು ಬೇಕಾ, ಪಲ್ಯ ಬೇಕಾ? ಒಂದು ಹೇಳಿ. ಈಗಲೇ ಖಾಲಿ ಮಾಡ್ತೇನೆ."

ಹೊರಗೆ ಜಡಿಮಳೆ. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನಾದರೂ ಏನು ಮಾಡಲಿ? ಸೊಳೆ ಮುಗಿಯುವ ತನಕ ಇರಲಿ ಎಂದುಬಿಟ್ಟೆ.

ನಿನ್ನೆ ಊಟಕ್ಕೆ ಕೂತಾಗ ಪಲ್ಯದಲ್ಲಿ ಒಂದು ಕೂದಲು ಸಿಕ್ಕಿತು. ಇಷ್ಟು ದಿನದ ಸೇಡು ತೀರಿಸಿಕೊಳ್ಳಲು ಅದನ್ನು ಬೆಳಕಿಗೆ ಎತ್ತಿ ಹಿಡಿದೆ. ರಾಜೀವಿಯದು ಮೊಳದುದ್ದದ ಕಪ್ಪು ಜಡೆ. ಇದು ಗಿಡ್ಡ, ಅರ್ಧ ನರೆತದ್ದು.

ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿ, ಇನ್ನೊಂದು ಸೌಟು ಪಲ್ಯ ಹಾಕಿಸಿಕೊಂಡೆ.